ಮೆಂಬರ್ ಸಾಹೇಬರು ಹಿಡಿದ ಕಚ್ಚಾ ದಾರಿ

"ಟಾರ್ ರೋಡ್ ಬ್ಯಾಡ. ಒಂದು ಗಜನೂ ಟಾರ್ ಸಿಗಬಾರದು," ಎಂದ ಬಸಲಿಂಗ.

ಸುಲ್ತಾನಸಾಬ ತನ್ನ ಟೆಂಪೊದ ಚಕ್ರಕ್ಕೆ ಒರಗಿ ಕೂತಿದ್ದ. "ಅದಕ್ಕೇನ್ ಕಷ್ಟರಿ ಮೆಂಬರ್ ಸಾಬ್ರ? ನಮ್ಮ ಪಂಚಾಯ್ತಿಯಾಗ ಟಾರ್ ಇರೋ ರೋಡ್ ಹುಡುಕೋದೇ ಕಷ್ಟ."

ಬಸಲಿಂಗ ನಗಲಿಲ್ಲ. ಬೆರಳಿನಿಂದ ಮಣ್ಣಲ್ಲಿ ಗೆರೆ ಎಳೆದ. ಕೆರೆ ಹಿಂದಿನ ಬಂಡಿ ಜಾಡು. ಅಲ್ಲಿಂದ ಎರೆ ಹೊಲಗಳ ನಡುವೆ ಕೊಂಕಲ್ ಕಡೆಗೆ. ಊರೊಳಗೆ ಹೋಗದೆ ಹೊರಗಿನಿಂದಲೇ ಸುತ್ತು ಹಾಕಿ ಹೊಳೆ ದಂಡೆಗೆ. ಅಲ್ಲಿ ಜಾಲಿ ಗಿಡಗಳ ಮರೆಯಲ್ಲಿ ಗಾಡಿ ನಿಲ್ಲಿಸುವುದು. ಮೀಟಿಂಗ್ ಮುಗಿಯುವ ತನಕ ಟೆಂಪೊವೇ ಮನೆ.

"ಮಳಿ ಬಂದ್ರ ಎರಿ ಮಣ್ಣಾಗ ಗಾಡಿ ಹೂತು ಬಿಡ್ತದ್ರಿ."

"ಹೂತ್ರ ಚಲೋನೇ ಆತು. ಹೇಳಾಕೊಂದು ನೆವ ಸಿಗ್ತದ."

ಬಸಲಿಂಗನಿಗೆ ನೆವ ಬೇಕಾಗಿತ್ತು. ಗ್ರಾಮ ಪಂಚಾಯಿತಿ ಅಧ್ಯಕ್ಷ ಸಂಗಮನಾಥನ ಮೇಲೆ ಅವಿಶ್ವಾಸ ಗೊತ್ತುವಳಿ ಬಂದಿತ್ತು. ಸಭೆಯಲ್ಲಿ ಕೈ ಎತ್ತಬೇಕು. ಎರಡೂ ಗುಂಪಿನವರು ತಲೆ ಎಣಿಸಿ ನೋಡಿದರು. ಎಲ್ಲ ಬಂದು ನಿಂತದ್ದು ಒಂದೇ ಓಟಿನ ಮೇಲೆ. ಆ ಓಟು ಬಸಲಿಂಗನ ಮನೆಯದು.

ಸಂಗಮನಾಥ ಮನೆಗೆ ಕರೆದು ಹೋಳಿಗೆ ಉಣಿಸಿದ. ಬಸಲಿಂಗ ಮಾತು ಕೊಟ್ಟ. ಎದುರು ಗುಂಪಿನ ಸೂಗಪ್ಪ ಹೊಲಕ್ಕೆ ಕರೆದು ಕೋಳಿ ಉಣಿಸಿದ. ಅವನಿಗೂ ಮಾತು ಕೊಟ್ಟ. ಇದರಲ್ಲಿ ಕುತಂತ್ರವೇನೂ ಇರಲಿಲ್ಲ. "ಮೆಂಬರ್ರು ಬಂದ್ರು" ಎಂದು ಯಾರಾದರೂ ಕುರ್ಚಿ ಸರಿಸಿದರೆ ಸಾಕು, ಬಸಲಿಂಗನ ಬಾಯಿಂದ ಇಲ್ಲ ಎಂಬ ಮಾತು ಹೊರಡುತ್ತಿರಲಿಲ್ಲ. ಹಾಗೆ ಕರೆಸಿಕೊಳ್ಳುವುದು ರೂಢಿಯಾಗಿ ವರ್ಷಗಳೇ ಆಗಿದ್ದವು.

ನಿನ್ನೆ ಸಂಗಮನಾಥನ ಮುದಿ ತಾಯಿ ಹಾದಿಯಲ್ಲೇ ಅವನ ಕೈ ಹಿಡಿದಿದ್ದಳು. "ನನ್ನ ಮಗನ ಮಾನ ನಿನ್ನ ಕೈಯಾಗ ಅದನೋ ಯಪ್ಪಾ." ಬಸಲಿಂಗ ತನ್ನ ಚಪ್ಪಲಿ ನೋಡಿಕೊಂಡು ನಿಂತ. ಮುದುಕಿ ಅವನ ಗಲ್ಲ ಸವರಿ ಬೆರಳಿಗೆ ಮುತ್ತಿಟ್ಟುಕೊಂಡು ಹೋದಳು. ಆಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

ಟೆಂಪೊದ ಮಾತು ಮುಗಿಸಿ ಮನೆಗೆ ಬಂದಾಗ ಹೆಂಡತಿ ರೇಣುಕಾದೇವಿ ಪ್ರಯಾಣಕ್ಕೆಂದು ರೊಟ್ಟಿ ಬಡಿಯುತ್ತಿದ್ದಳು. ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಟ್ಟಿದ್ದಳು. ಗ್ಯಾಸ್ ಒಲೆ, ನೀರಿನ ಕ್ಯಾನು, ಹಾಸಿಗೆ ಬಾಗಿಲ ಬಳಿ ಸಾಲಾಗಿ ಇದ್ದವು.

"ಯಾರ ಕಡಿ ಹೋದ್ರೂ ಇನ್ನೊಬ್ರ ಮುಂದ ತಲಿ ಎತ್ತಾಕ ಆಗಂಗಿಲ್ಲ," ಎಂದ ಬಸಲಿಂಗ.

"ನಮ್ಮ ಓಣಿ ನಳಕ್ಕ ನೀರು ಬಂದು ವರ್ಷ ಆತು. ಸಂಗಮನಾಥಪ್ಪ ಒಂದಿನ ಬಂದು ನೋಡಿಲ್ಲ."

"ಓಣಿ ನಳದ ಮಾತು ಈಗ್ಯಾಕ ತೆಗೀತಿ?"

ಅವಳು ರೊಟ್ಟಿ ಮಗುಚಿದಳು. "ನಾನೂ ಬರ್ಲೇನ್ರಿ ನಿಮ್ಮ ಸಂಗಾಟ?"

"ನೀ ಯಾಕ? ಅಲ್ಲೇನ್ ಮದುವಿ ಅದ ಏನು?"

"ನನ್ನ ಇಲ್ಲೇ ಬಿಟ್ಟು ಹೋದ್ರ ನಡೀತದೇನು ಅಂತ ಕೇಳಿದೆ."

"ನಿನ್ನ ಬಿಟ್ಟು ಹೋದ್ರ ಊರು ಮುಳುಗ್ತದೇನು? ಎಮ್ಮಿ ಹಿಂಡಾವ್ರು ಯಾರು?"

"ಹೋಗಿ ಬರ್ರಿ ಹಂಗಾದ್ರ," ಎಂದಳು.

ಅಷ್ಟರಲ್ಲಿ ಹೊರಗೆ ದನಿ ಕೇಳಿತು. ಸೂಗಪ್ಪನ ಗುಂಪಿನ ಜಹೀರುನ್ನೀಸಾ. ಬಸಲಿಂಗ ಜೋಳದ ಚೀಲಗಳ ಹಿಂದೆ ಕುಕ್ಕರಗಾಲಲ್ಲಿ ಕೂತ. ಐವತ್ತು ದಾಟಿದ ಗಂಡಸು, ಸ್ವಂತ ಮನೆಯಲ್ಲಿ, ಮೂಗಿಗೆ ಹೊಟ್ಟು ಏರಿ ಸೀನು ತಡೆಯುತ್ತಾ.

"ಮೆಂಬರ್ರು ಮನ್ಯಾಗ ಅದಾರೇನು ರೇಣವ್ವ?"

"ಅದಾರ್ರಿ."

"ಮೀಟಿಂಗಿಗೆ ಬರ್ತಾರಲ್ಲ? ಜನ ಏನೇನೋ ಅನ್ನಾಕತ್ತಾರ."

"ಮೆಂಬರ್ರು ಬಂದೇ ಬರ್ತಾರ. ಚಿಂತಿ ಮಾಡಬ್ಯಾಡ್ರಿ."

ಜಹೀರುನ್ನೀಸಾ ಹೋದ ಮೇಲೆ ಬಸಲಿಂಗ ಹೊಟ್ಟು ಕೊಡವುತ್ತಾ ಎದ್ದ. "ಯಾಕ ಹಂಗ ಅಂದಿ? ಊರಾಗಿಲ್ಲ ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?"

"ಸುಳ್ಳು ಹೇಳಾಕ ನನಗ ಬರಂಗಿಲ್ಲರಿ."

ಬಿಸಿಲಿಗೆ ಹೆದರಿ ಊರು ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ ಟೆಂಪೊ ಹೊರಟಿತು. ಬಸಲಿಂಗ ಹಿಂದೆ ಹಾಸಿಗೆಯ ಮೇಲೆ ಮಲಗಿದ್ದ, ಮೇಲೆ ಹೊದಿಸಿದ ತಾಡಪತ್ರಿ. ಕೆರೆ ಬಳಿ ಯಾರೋ ಗಾಡಿ ತಡೆದು ಒಳಗೇನು ಎಂದು ಕೇಳಿದರು. "ಕಣಕಿ ಅದರಿ, ದನಕ್ಕ," ಎಂದ ಸುಲ್ತಾನಸಾಬ. ಬಸಲಿಂಗ ಉಸಿರು ಬಿಗಿಹಿಡಿದ. ನಾಚಿಕೆಗೆ ಕಿವಿ ಸುಟ್ಟಂತಾಯಿತು.

ಹೊಳೆ ದಂಡೆಯಲ್ಲಿ ಮಾಡಲು ಏನೂ ಇರಲಿಲ್ಲ. ಮೊಬೈಲ್ ಬಂದ್ ಮಾಡಿದ್ದ. ರೊಟ್ಟಿ ಮುರಿದು ತಿನ್ನುತ್ತಾ ನೀರು ನೋಡುತ್ತಿದ್ದ. ಮುದುಕಿಯ ಒರಟು ಬೆರಳು ಇನ್ನೂ ಗಲ್ಲದ ಮೇಲೆ ಇದ್ದಂತಿತ್ತು.

"ಸಾಬ, ನಾ ಅಂಜುಬುರುಕ ಅನಸ್ತದೇನು?"

"ಇಲ್ಲರಿ. ಟೂರಿಗೆ ಬಂದೀರಿ," ಎಂದು ಸುಲ್ತಾನಸಾಬ ಬೀಡಿ ಹಚ್ಚಿದ. "ಬ್ಯಾರೆ ಮೆಂಬರ್ರು ಗೋವಾ ಹೋಗ್ತಾರ. ನೀವು ಇಲ್ಲಿಗೆ ಬಂದೀರಿ, ಅಷ್ಟೇ."

ಬಸಲಿಂಗನ ಲೆಕ್ಕಾಚಾರ ಸರಳವಾಗಿತ್ತು. ಆ ಒಂದು ಕೈ ಏಳದಿದ್ದರೆ ಗೊತ್ತುವಳಿ ಬೀಳುತ್ತದೆ. ಸಂಗಮನಾಥ ಉಳಿಯುತ್ತಾನೆ, ಮುದುಕಿಯ ಮುಖ ನೋಡಬಹುದು. ಸೂಗಪ್ಪನಿಗೆ ಗಾಡಿ ಹೂತಿತ್ತು ಎಂದರಾಯಿತು. ಯಾರಿಗೂ ಕೇಡಿಲ್ಲ.

ಸಭೆಯ ದಿನ ಇಳಿಹೊತ್ತಿನವರೆಗೆ ಕಾದು ಮೊಬೈಲ್ ಹಚ್ಚಿದ. ಹಚ್ಚಿದ್ದೇ ತಡ ರೇಣುಕಾದೇವಿಯ ಫೋನ್ ಬಂತು.

"ಮೀಟಿಂಗ್ ಮುಗೀತ್ರಿ. ಸಂಗಮನಾಥಪ್ಪ ಕುರ್ಚಿ ಬಿಟ್ಟು ಇಳದ್ರು. ಒಂದೇ ಓಟಿನ್ಯಾಗ."

ಬಸಲಿಂಗ ಎದ್ದು ನಿಂತ. "ಅದು ಹ್ಯಾಂಗ ಆಗ್ತದ? ಇಬ್ಬರಿಗೂ ಮಾತು ಕೊಟ್ಟು ನಾ ಇಲ್ಲಿ ಮುಳ್ಳಾಗ ಕುಂತೀನಿ. ಮತ್ತ ಆ ಕೈ ಎತ್ತಿದಾವ್ರು ಯಾರು?"

"ಮಾತು ಕೊಟ್ಟಾವ್ರು ನೀವ್ರಿ," ಎಂದಳು ರೇಣುಕಾದೇವಿ. "ಎಲೆಕ್ಷನ್‌ದಾಗ ಆರಿಸಿ ಬಂದಾಕಿ ನಾನು."