ಓನರ್ ಮನೆಯ ಸೂಜಿ

ಹನುಮಂತರಾಯಪ್ಪನವರು ರಕ್ತದ ಸಕ್ಕರೆ ನೋಡುವ ಸೂಜಿಯ ಪೆನ್ನಿನ ತುದಿಯನ್ನು ಉಫ್ ಎಂದು ಊದಿ, ಜ್ಯೋತಿಲಕ್ಷ್ಮಿಯ ಬೆರಳು ಹಿಡಿದರು. ಅದೇ ಸೂಜಿ ಆಗಲೇ ಇಬ್ಬರಿಗೆ ಚುಚ್ಚಿತ್ತು. ಪೆನ್ನಿನ ಬಾಯಿಯ ಸುತ್ತ ಆ ಇಬ್ಬರ ರಕ್ತ ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿದ್ದನ್ನು ಕಂಡು ಅವಳು ಬೆರಳನ್ನು ಹಿಂದಕ್ಕೆಳೆದುಕೊಂಡಳು.

ಹನುಮಂತರಾಯಪ್ಪನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿದ್ದು ಹೋದ ವಾರ. ಜೊತೆಗೆ ಇನ್ನೊಬ್ಬರಾದರೂ ಸಿಗಲಿ ಎಂಬಂತೆ, ಮಾಕಳಿಯ ತಮ್ಮ ವಠಾರದ ಬಾಡಿಗೆದಾರರನ್ನೆಲ್ಲ ಬೆಳಿಗ್ಗೆಯೇ ಜಗಲಿಗೆ ಕರೆದು ಹೊಸ ಮೆಷಿನ್ನಿನಲ್ಲಿ ಪರೀಕ್ಷಿಸುತ್ತಿದ್ದರು. ಮರಿಯಮ್ಮನದು ತೊಂಬತ್ತೆರಡು, ಲೇತ್ ಕೆಲಸದ ಶಶಿಕುಮಾರನದು ನೂರಾ ನಾಲ್ಕು ಬಂದಿತ್ತು. ಓನರ್ ಕರೆದರೆ ಒಲ್ಲೆ ಎನ್ನುವವರು ಯಾರು?

"ಸೂಜಿ ಬದಲಾಯ್ಸಿ ಅಣ್ಣ. ಒಬ್ರಿಂದ ಒಬ್ರಿಗೆ ಕಾಯಿಲೆ ಅಂಟ್ಕೊಳ್ಳುತ್ತೆ," ಎಂದಳು ಜ್ಯೋತಿಲಕ್ಷ್ಮಿ.

"ಇನ್ನೂ ಚೂಪಾಗೈತೆ ಕಣಮ್ಮ. ನಿಮ್ ಗಾರ್ಮೆಂಟ್ಸಲ್ಲಿ ಅಂಗಿಗೊಂದು ಸೂಜಿ ಹಾಕ್ತೀರಾ?"

ಶಶಿಕುಮಾರ ಗಟ್ಟಿಯಾಗಿ ನಕ್ಕ.

"ಹಂಗಾದ್ರೆ ಮೊದ್ಲು ನಿಮ್ದು ನೋಡ್ಕೊಳ್ಳಿ. ಆಮೇಲೆ ನಂದು."

"ಅದಕ್ಕೇನಂತೆ," ಎಂದು ಅವರು ಪೆನ್ನಿನ ಮುಚ್ಚಳ ತಿರುಗಿಸಿದರು. ಹಳೆಯ ಸೂಜಿಯನ್ನು ಎರಡೇ ಬೆರಳಿನಲ್ಲಿ ಕಿತ್ತು ಪಕ್ಕಕ್ಕಿಟ್ಟು, ಡಬ್ಬಿಯಿಂದ ಹೊಸದೊಂದನ್ನು ತೆಗೆದು ಕೂರಿಸತೊಡಗಿದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಗಮನಕ್ಕೆ ಬಂದು ಮುಖ ಕಿವುಚಿದರು.

"ಮತ್ತಿನ್ನೇನು? ಇವರದೆಲ್ಲ ಮೆತ್ಕೊಂಡಿರೋದನ್ನ ನಾನು ಚುಚ್ಕೋಬೇಕಾ? ಥೂ!"

ಶಶಿಕುಮಾರನ ನಗು ನಿಂತುಹೋಯಿತು. ಮರಿಯಮ್ಮ ತನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಜ್ಯೋತಿಲಕ್ಷ್ಮಿ, ಅವರು ಹಿಡಿದಿದ್ದ ಕೈಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತ ಜಗಲಿ ಇಳಿದಳು.