ಖಾಲಿ ಉಳಿದ ಒಂಬತ್ತು ಗುಳ್ಳೆಗಳು

ಒಂಬತ್ತು ವರ್ಷ, ಪ್ರತಿ ವಾರ, ಕುಮುದಾ ಒಂದು ದೋಣಿಯ ಚಿತ್ರ ಬರೆದಳು...

ಅದು ನೀರಿನ ಮೇಲೆ ಹೋಗುವ ದೋಣಿಯಲ್ಲ. ಮೋಡಗಳ ಮೇಲೆ ತೇಲುವ ದೋಣಿ. ಅದನ್ನು ನಡೆಸುವವಳು ಮೇಘಿ ಎಂಬ ನಡುವಯಸ್ಸಿನ ಹೆಂಗಸು. ದಾರಿ ತಪ್ಪಿದವರನ್ನು ಈ ಬೆಟ್ಟದಿಂದ ಆ ಬೆಟ್ಟಕ್ಕೆ ದಾಟಿಸುವುದು ಅವಳ ಕೆಲಸ.

ಕಥೆ ಕುಮುದಾಳದೇ, ಚಿತ್ರವೂ ಅವಳದೇ. ಶುಕ್ರವಾರ ಸಂಜೆ ಒಂದು ಕಂತನ್ನು ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಯಾರು ಬೇಕಾದರೂ ಫೋನಿನಲ್ಲಿ ಓದಬಹುದಿತ್ತು.

ಹೊಟ್ಟೆಪಾಡಿನ ಕೆಲಸ ಬೇರೆ. ತುಮಕೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು ಶಾಲೆಯ ಗೈಡುಗಳಿಗೆ ಕಪ್ಪೆಯ ಹೊಟ್ಟೆ, ದಾಸವಾಳದ ಸೀಳುನೋಟದ ಚಿತ್ರ ಬರೆದುಕೊಡುವುದು.

ಮೊದಲ ವರ್ಷ ಸಾವಿರಾರು ಜನ ಓದಿದರು. "ಮುಂದೇನಾಯ್ತು ಅಕ್ಕಾ?" ಅಂತ ಕೇಳಿದರು. ಆಮೇಲೆ ನೂರಾದರು... ಹತ್ತಾದರು...

ಎಷ್ಟು ಫೋನುಗಳಲ್ಲಿ ಕಂತು ತೆರೆಯಿತು ಎಂದು ತೋರಿಸುವ ಲೆಕ್ಕದ ಪುಟದಲ್ಲಿ, ಕಳೆದ ಎರಡು ವರ್ಷದಿಂದ ಒಂದೇ ಒಂದು. ಪ್ರತಿ ಶನಿವಾರ ಮಧ್ಯಾಹ್ನ ಒಂದೂವರೆಗೆ, ಹಾವೇರಿ ಕಡೆಯಿಂದ ಒಂದು. ಲೈಕ್ ಇಲ್ಲ, ಕಾಮೆಂಟ್ ಇಲ್ಲ.

ಮನುಷ್ಯರಲ್ಲ, ಯಾವುದೋ ಯಂತ್ರವಿರಬೇಕು ಅಂದುಕೊಂಡಳು.

ಒಂದು ದಿನ ಅಕ್ಕ ಮಂಗಳಾ ಫೋನ್ ಮಾಡಿದಳು. "ಇನ್ನೂ ಆ ದೋಣಿ ತಳ್ತಾನೇ ಇದ್ದೀಯೇನೇ?"

"ಹೂಂ ಕಣೇ."

"ಹತ್ತೋರೇ ಇಲ್ವಲ್ಲೇ ನಿನ್ ದೋಣಿಗೆ."

ತಮಾಷೆಗೇ ಅಂದದ್ದು. ಕುಮುದಾ ಕೂಡ ನಕ್ಕಳು. ಫೋನ್ ಇಟ್ಟ ಮೇಲೆ, ಕಲಸಿದ ಅನ್ನವನ್ನು ಹಾಗೇ ಮುಚ್ಚಿಟ್ಟಳು. ಆ ವಾರವೆಲ್ಲ ಊಟ ಹೀಗೇ ಅರ್ಧಕ್ಕೇ ನಿಂತಿತು.

ಕೊನೆಗೆ ಕುಳಿತು ಕೊನೆಯ ಕಂತು ಬರೆದಳು. ಮೇಘಿ ದೋಣಿಯನ್ನು ಕಂಬಕ್ಕೆ ಕಟ್ಟಿಬಿಡುತ್ತಾಳೆ. ಒಂಬತ್ತು ಚಿತ್ರ, ಅವುಗಳಲ್ಲಿ ಮಾತು ಬರೆಯಲು ಒಂಬತ್ತು ಗುಳ್ಳೆ. ಮೊದಲನೆಯದರಲ್ಲಿ, "ಆಚೆ ದಡದಲ್ಲಿ ಯಾರೂ ಕಾಯುತ್ತಿಲ್ಲ." ಕೊನೆಯದರಲ್ಲಿ, "ಇನ್ನು ನಾನು ದೋಣಿ ನಡೆಸುವುದಿಲ್ಲ."

ಕಂಪ್ಯೂಟರಿನಲ್ಲಿ ಚಿತ್ರ ಮತ್ತು ಗುಳ್ಳೆ ಒಂದು ಪದರ, ಮಾತು ಅದರ ಮೇಲಿನ ಇನ್ನೊಂದು ಪದರ. ಕಳಿಸುವ ಮುನ್ನ ಎರಡನ್ನೂ ತೆರೆದಿಡಬೇಕು.

ಒಂಬತ್ತು ವರ್ಷ ತಪ್ಪದ ಕೈ ಆ ದಿನ ತಪ್ಪಿತು. ಮಾತಿನ ಪದರ ಮುಚ್ಚೇ ಇತ್ತು. ಕಣ್ಣು ಮಂಜಾಗಿದ್ದವಳಿಗೆ ಅದು ಕಾಣಲಿಲ್ಲ. ಕಳಿಸಿ, ಕಂಪ್ಯೂಟರ್ ಮುಚ್ಚಿದಳು.

ಮಾರನೆಯ ದಿನ, ಶನಿವಾರ ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಮೊದಲ ವರ್ಷ ಕಂತಿನ ಕೆಳಗೆ ತನ್ನ ನಂಬರ್ ಹಾಕಿದ್ದು ಅವಳಿಗೇ ಮರೆತುಹೋಗಿತ್ತು.

"ನಮಸ್ಕಾರ್ರೀ ಅಕ್ಕಾರ. ನಾ ಚಾಂದಬಿ ಅಂತ, ಹಾವೇರಿ ಕಡೆ ಬ್ಯಾಡಗಿಯಿಂದ. ಮೆಣಸಿನಕಾಯಿ ಗೋದಾಮಿನ್ಯಾಗ ಚೀಲ ಹೊಲೀತೀನ್ರಿ. ಉಳದಾರೆಲ್ಲಾ ತೊಟ್ಟು ಬಿಡಸ್ತಾರ. ಅವರ ಕೈ ಖಾರ ನೋಡ್ರಿ, ಫೋನ್ ಮುಟ್ಟಂಗಿಲ್ಲ. ಮುಟ್ಟಿದ್ರ ಆಮ್ಯಾಲೆ ನನ್ನ ಕಿವಿ ಉರೀತೈತಿ."

ಹಿಂದೆ ಯಾರೋ ನಕ್ಕರು.

"ಅದಕ್ಕ ನಾನ ಹಿಡಕೊಂಡು ಓದ್ತೀನ್ರಿ. ಶನಿವಾರ ಬುತ್ತಿ ಬಿಚ್ಚಿದಾಗ. ಹದಿನಾಲ್ಕು ಮಂದಿ ಕುಂತು ಕೇಳ್ತಾರ."

ಕುಮುದಾ ನಿಂತವಳು ಕುಳಿತಳು.

ಹದಿನಾಲ್ಕು ಮಂದಿ...

"ಈ ಸಲ ಮಾತು ಬರದಿಲ್ಲಲ್ರಿ ನೀವು? ನಾವ ಹೇಳ್ಲಿ ಅಂತ ಬಿಟ್ಟೀರಿ ಅಂದ್ಕೊಂಡ್ವಿ. ಒಂಬತ್ತು ಮಂದಿ ಒಬ್ಬೊಬ್ರು ಒಂದೊಂದು ಗುಳ್ಳಿ ತುಂಬೀವಿ. ಕೇಳ್ರಿ."

ಒಂದು ಗಡಸು ದನಿ: "ಹಗ್ಗ ಬಿಚ್ಚಾಕತ್ತೀನಿ. ಬರೋರು ಲಗೂ ಬರ್ರಿ."

ಇನ್ನೊಂದು: "ನಿಂದ್ರ ಯವ್ವಾ, ನನ್ನ ರೊಟ್ಟಿ ಮುಗೀಲಿ."

ಮತ್ತೊಂದು: "ನನ್ನ ಗಂಡನ್ನ ಈ ದಂಡ್ಯಾಗ ಬಿಡು. ಅವ ಬ್ಯಾಡ."

ಎಲ್ಲರೂ ಒಟ್ಟಿಗೆ ನಕ್ಕರು; ಆ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಕುಮುದಾ ಗಾಬರಿಯಿಂದ ಕಂತನ್ನು ತೆರೆದಳು. ಒಂಬತ್ತು ಗುಳ್ಳೆಗಳೂ ಖಾಲಿ. ಮೇಘಿಯ ಕೈಯಲ್ಲಿ ಹಗ್ಗವಿತ್ತು. ಕಟ್ಟುತ್ತಿದ್ದಾಳೋ, ಬಿಚ್ಚುತ್ತಿದ್ದಾಳೋ... ಮಾತಿಲ್ಲದೆ, ಬರೆದವಳಿಗೂ ಈಗ ಹೇಳಲಾಗಲಿಲ್ಲ.

ಎಂಟು ದನಿಗಳು ಮುಗಿದವು. ಚಾಂದಬಿಯ ದನಿ ತಗ್ಗಿತು.

"ಕಡೇದು ದ್ಯಾಮವ್ವ ಆಯೀದು ರೀ, ನಮ್ಮೊಳಗಿನ ಹಿರೀಕಿ. ಮಗಳು ತೀರಕೊಂಡಾಗಿಂದ ಆಕಿ ಯಾರ ಕೂಡಾನೂ ಮಾತಾಡಂಗಿಲ್ಲ. ಸುಮ್ನ ಕುಂತು ಕೇಳ್ತಾಳ ಅಷ್ಟ. ಇವತ್ತ ತಾನ ಕೈ ಎತ್ತಿದ್ಲು."

ಆಮೇಲೆ ಒಣಗಿದ ಎಲೆಯಂಥ ಒಂದು ದನಿ...

"ಮೇಘೀ... ಎಲ್ಲಾರ್ನೂ ದಾಟಿಸ್ತಿ ನೀ. ನೀ ಉಂಡಿ ಏನವಾ?"

ಮೆಸೇಜ್ ಅಲ್ಲಿಗೆ ಮುಗಿದಿತ್ತು.

ಈ ಮಾತನ್ನು ಯಾರಾದರೂ ತನ್ನನ್ನು ಕೇಳಿ ಎಷ್ಟು ದಿನವಾಯಿತು ಎಂದು ನೆನಪಿಸಿಕೊಳ್ಳಲು ನೋಡಿದಳು ಕುಮುದಾ. ನೆನಪಾಗಲಿಲ್ಲ. ಫೋನನ್ನು ಎದೆಗೊತ್ತಿಕೊಂಡು ಅತ್ತಳು.

ಅಳು ನಿಂತ ಮೇಲೆ ಬಟನ್ ಒತ್ತಿ ಉತ್ತರ ಕಳಿಸಿದಳು. "ಇಲ್ಲವ್ವಾ... ಈಗ ಉಣ್ತೀನಿ."

ಅನ್ನ ಬಿಸಿ ಮಾಡಿಕೊಂಡಳು. ಕೋಣೆಯಲ್ಲಿ ಆಗಲೂ ಒಬ್ಬಳೇ. ತಟ್ಟೆಯ ಪಕ್ಕ ಫೋನ್ ಇಟ್ಟು, ಆ ಮೆಸೇಜನ್ನು ಮತ್ತೆ ಮೊದಲಿನಿಂದ ಹಾಕಿ, ಅವರೆಲ್ಲ ನಗುತ್ತಿರುವಾಗ ಉಂಡಳು.

ಮಾತಿನ ಪದರವನ್ನು ಅಳಿಸಿಹಾಕಿದಳು. ಗುಳ್ಳೆಗಳು ಖಾಲಿಯೇ ಉಳಿದವು.

ಮುಂದಿನ ಶುಕ್ರವಾರದ ಕಂತಿನಲ್ಲಿ ಮೇಘಿಯ ದೋಣಿ ಮೋಡದ ಮೇಲಿತ್ತು. ಒಳಗೆ ಹದಿನೈದು ಹೆಂಗಸರು. ಒಬ್ಬಳ ಕೈಯಲ್ಲಿ ಚೀಲ ಹೊಲಿಯುವ ದಬ್ಬಣ. ಉಳಿದವರ ಬೆರಳ ತುದಿಗಳೆಲ್ಲ ಕೆಂಪು.

ಶನಿವಾರ ಒಂದೂವರೆಗೆ ಲೆಕ್ಕದ ಪುಟ ತೋರಿಸಿತು... 1.

ಕುಮುದಾ ಆ ಒಂದನ್ನು ಬಹಳ ಹೊತ್ತು ನೋಡುತ್ತ ಕುಳಿತಳು. ಆಮೇಲೆ ತಟ್ಟೆ ಹಾಕಿಕೊಂಡಳು.

*ನಮ್ಮನ್ನು ಮೆಚ್ಚಿದವರೆಲ್ಲ ಬಟನ್ ಒತ್ತಿ ಹೇಳುವುದಿಲ್ಲ... ಕೆಲವರ ಕೈಯಲ್ಲಿ ಖಾರವಿರುತ್ತದೆ.*

ಆದರೆ ನಿಮ್ಮ ಕೈ ಈಗ ಫೋನಿನ ಮೇಲೇ ಇದೆಯಲ್ಲ... "ನೀನು ಉಂಡೆಯಾ?" ಎಂದು ನೀವು ಕೇಳದೇ ಬಿಟ್ಟವರು ಯಾರು?