ಶ್ಯಾಮಲತಾ ಓದಿದ ಸ್ತುತಿ

"ಹಾಳೆ ತೋರಿಸಿ, ಮಾತಾಜಿ." ಕಾರ್ಯದರ್ಶಿ ಸುದೇವ ಮಂದಿರದ ಬಾಗಿಲಲ್ಲೇ ಶ್ಯಾಮಲತಾಳನ್ನು ತಡೆದ.

ತಡೆಯದೆ ಇನ್ನೇನು ಮಾಡಿಯಾನು? ಗುರುಗಳ ಹುಟ್ಟುಹಬ್ಬದಂದು ಶಿಷ್ಯರು ಒಬ್ಬೊಬ್ಬರಾಗಿ ಎದ್ದು ಗುರುಸ್ತುತಿ ಓದಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಹಂಗೇರಿಯ ಈ ಗುಡ್ಡದ ಆಶ್ರಮದಲ್ಲಿ ಗುರು ನಿಕುಂಜ ಸ್ವಾಮಿಗಳ ಮೇಲೆ ಹಲ್ಲು ಮಸೆಯುತ್ತಿದ್ದವರು ಬಹಳ. ಅವರಲ್ಲಿ ಮೊದಲನೆಯವಳು ಇವಳು.

ಗೋಶಾಲೆಯಲ್ಲೇ ಅವಳ ಕೂದಲು ನೆರೆತಿತ್ತು. ಈಗ ಸ್ವಾಮಿಗಳಿಗೆ ಹುಲ್ಲುಗಾವಲಿನಲ್ಲಿ ಬಿಸಿನೀರಿನ ಕೊಳವಿರುವ ಅತಿಥಿಗೃಹ ಬೇಕು. ಸೋಮವಾರ ಹಸುಗಳೆಲ್ಲ ದಲ್ಲಾಳಿಯ ಪಾಲು. ಹಾಲು ಬತ್ತಿದ ಹಸುಗಳನ್ನು ಅವನೇನು ಪೂಜೆಗೆ ಒಯ್ಯುವುದಿಲ್ಲ. ಶಿಷ್ಯರು ಗುರುಗಳ ಮೇಲೂ ಅಧಿಕಾರವಿರುವ ಹಿರಿಯರ ಮಂಡಳಿಗೆ ದೂರಿತ್ತರು. ಮಂಡಳಿ ಆ ದೂರನ್ನು ಸ್ವಾಮಿಗಳಿಗೇ ದಾಟಿಸಿತು. ಮರುದಿನದಿಂದ ದೂರಿತ್ತವರಿಗೆಲ್ಲ ಕಕ್ಕಸು ತೊಳೆಯುವ ಸೇವೆ. ಭಕ್ತಿಯ ಹೆಸರಿನಲ್ಲಿ ಇಂಥ ನೀಚತನ!

ಸುದೇವ ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ಓದಿದ. ಬರೀ ಹೊಗಳಿಕೆ.

"ಅಂತೂ ಬುದ್ಧಿ ಬಂತಲ್ಲ."

"ಎಲ್ಲಾ ಗುರುಗಳ ಕೃಪೆ, ಪ್ರಭು."

ಒಳಗೆ ಗೋಶಾಲೆಯ ಜೊತೆಗಾತಿ ಎಮೆಷೆ ಅವಳ ಸೆರಗೆಳೆದಳು. "ಅಕ್ಕಾ, ಇವತ್ತು ಅವರ ಮಾನ ಹರಾಜು ತಾನೇ?"

"ಇಲ್ಲ ಕಣೆ. ಹೊಗಳ್ತೀನಿ. ಜನ್ಮದಲ್ಲಿ ಮರೀಬಾರದು, ಹಾಗೆ ಹೊಗಳ್ತೀನಿ."

ಹಾರಗಳ ನಡುವೆ ಸ್ವಾಮಿಗಳು ಕಣ್ಣು ಮುಚ್ಚಿ ಕುಳಿತಿದ್ದರು. ಪಕ್ಕದಲ್ಲಿ ಮಂಡಳಿಯ ಅಧ್ಯಕ್ಷರು. ದೂರದೇಶದ ಶಿಷ್ಯರೂ ನೇರಪ್ರಸಾರದಲ್ಲಿ ನೋಡಲೆಂದು ಫೋನುಗಳು ಮೇಲೆದ್ದಿದ್ದವು.

"ನಮ್ಮ ಗುರುಗಳಿಗೆ ಸುಖದ ಆಸೆಯಿಲ್ಲ, ಅಧಿಕಾರದ ಮೋಹವಿಲ್ಲ..." ಶ್ಯಾಮಲತಾ ಓದಿದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಇವಳೂ ಕಾಲಿಗೆ ಬಿದ್ದಳಲ್ಲ ಎಂದು ಎಮೆಷೆಗೆ ಅಳುವೇ ಬಂತು.

ಓದಿ ಮುಗಿಸಿದ ಶ್ಯಾಮಲತಾ ಮೈಕು ಬಿಡಲಿಲ್ಲ.

"ಯಾರಿಗೂ ಹೇಳ್ಬೇಡ ಅಂದಿದ್ರಿ. ಕ್ಷಮಿಸಿ, ಗುರು ಮಹಾರಾಜ್, ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ." ಅವಳು ಜನರತ್ತ ತಿರುಗಿದಳು. " ಹುಲ್ಲುಗಾವಲು ಹಸುಗಳಿಗೇ ಇರ್ಲಿ ಅಂದ್ನಂತೆ ಕೃಷ್ಣ, ಇವರ ಕನಸಲ್ಲಿ. ಪದವಿ ಬಿಟ್ಟು, ಬರಿಗೈಲಿ ನಾಳೆನೇ ವೃಂದಾವನಕ್ಕೆ ಹೊರಟಿದ್ದಾರೆ. ಉಸಿರಿರೋವರೆಗೂ ಅಲ್ಲೇ ಭಿಕ್ಷೆ, ಅಲ್ಲೇ ಜಪ!"

ಸ್ವಾಮಿಗಳ ಕಣ್ಣು ತಟ್ಟನೆ ತೆರೆಯಿತು. ಗುಟ್ಟು ರಟ್ಟಾದ ಸಂಕೋಚ ಎಂದುಕೊಂಡರು ಜನ. "ಹರಿಬೋಲ್!" ಎಂಬ ಕೂಗಿಗೆ ಕಿಟಕಿಗಳು ಅದುರಿದವು. ಮುದುಕಿಯರು ಅಳುತ್ತಾ ಅವರ ಪಾದ ಹಿಡಿದರು. ದೂರು ಕೇಳಿ ಕೇಳಿ ಬೇಸತ್ತಿದ್ದ ಅಧ್ಯಕ್ಷರು ಧಾವಿಸಿ ಅಪ್ಪಿಕೊಂಡರು. "ಎಂಥ ತ್ಯಾಗ, ಮಹಾರಾಜ್! ಮಂಡಳಿ ಒಪ್ಪಿದೆ."

ಸ್ವಾಮಿಗಳು ಅಧ್ಯಕ್ಷರನ್ನು ನೋಡಿದರು. ಫೋನುಗಳನ್ನು ನೋಡಿದರು. ಕೊನೆಗೆ ಕೈ ಮುಗಿದು, "ಕೃಷ್ಣನ ಇಚ್ಛೆ," ಎಂದರು.

ಎಮೆಷೆ ಒಂದೇ ಓಟಕ್ಕೆ ಗೋಶಾಲೆಗೆ ಬಂದಳು. ಶ್ಯಾಮಲತಾ ಆಗಲೇ ಹಸುಗಳಿಗೆ ಹುಲ್ಲು ಹಾಕುತ್ತಿದ್ದಳು.

"ತಪ್ಪಾಯ್ತು, ಅಕ್ಕಾ. ಅವರದು ಇಷ್ಟು ದೊಡ್ಡ ಮನಸ್ಸು ಅಂತ ಗೊತ್ತಿರ್ಲಿಲ್ಲ. ನಿಂಗೆ ಯಾವಾಗ ಹೇಳಿದ್ರು?"

"ಅವರೆಲ್ಲಿ ಹೇಳಿದ್ರು? ಅವರಿಗೂ ಗೊತ್ತಾಗಿದ್ದು ಈಗ್ಲೇ, ನಾನು ಹೇಳಿದ ಮೇಲೆ!"